ಮೂರು ವಾರ, ಒಂದು ಕಾರ್ಡು, ದಿನಕ್ಕೊಂದು ಕೋಣೆ

ವಿಯೆನ್ನಾಕ್ಕೆ ಹೋದ ಎರಡನೆಯ ದಿನವೇ ಮೂರು ಮ್ಯೂಸಿಯಂಗಳನ್ನು ನೋಡಿ ಮುಗಿಸಿದೆ. ಬೆಳಿಗ್ಗೆ ಬೆಲ್ವೆಡೇರ್ ಅರಮನೆ, ಮಧ್ಯಾಹ್ನ ಆಲ್ಬರ್ಟಿನಾ, ಸಂಜೆ ಬಾಗಿಲು ಹಾಕುವ ಮುನ್ನ ಲಿಯೊಪೋಲ್ಡ್. ರಾತ್ರಿ ಸಾರು ಬಡಿಸುತ್ತಾ ಮಗಳು "ಏನೇನು ನೋಡಿದೆ ಅಮ್ಮ?" ಎಂದು ಕೇಳಿದಳು. ನೆನಪಿಗೆ ಬಂದದ್ದು ಕ್ಲಿಮ್ಟ್‌ನ 'ಚುಂಬನ' ಚಿತ್ರದ ಮುಂದೆ ಜನ ಎತ್ತಿ ಹಿಡಿದಿದ್ದ ಮೊಬೈಲುಗಳು ಮತ್ತು ನನ್ನ ಎಡಮಂಡಿಯ ನೋವು, ಅಷ್ಟೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳಿಗೆ ಇದು ನಾಚಿಕೆಯ ಮಾತು. ಶಾಲೆಯ ಪ್ರವಾಸದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಮಕ್ಕಳನ್ನು ಬಸ್ಸಿಗೆ ತುಂಬುತ್ತಿದ್ದ ನನಗೆ ಆ ಮಕ್ಕಳ ಶಾಪವೇ ತಟ್ಟಿತೋ ಏನೋ.

ದಾರಿ ಸಿಕ್ಕಿದ್ದು ಟಿಕೆಟ್ ಕೌಂಟರಿನಲ್ಲಿ. ರಿಂಗ್ ರಸ್ತೆಯ ಕಲಾ ಇತಿಹಾಸ ಮ್ಯೂಸಿಯಂನಲ್ಲಿ ವರ್ಷವಿಡೀ ನಡೆಯುವ ಕಾರ್ಡು ಮಾರುತ್ತಾರೆ. ಅದರ ಬೆಲೆ ಮೂರು ಸಲದ ಟಿಕೆಟ್ಟಿಗಿಂತಲೂ ಕಡಿಮೆ. ಹಳೆಯ ಅರಮನೆಯಲ್ಲಿರುವ ರಾಜಭಂಡಾರಕ್ಕೂ ಅದೇ ಕಾರ್ಡು ಸಾಕು. ನಾನು ಇರುವುದು ಮೂರೇ ವಾರ, ವರ್ಷದ ಕಾರ್ಡು ಏಕೆ ಎಂದು ಮಗಳು ಗೊಣಗಿದಳು. ಆದರೆ ಅದು ಕೈಗೆ ಬಂದ ಕೂಡಲೇ ಕೊಟ್ಟ ದುಡ್ಡು ವಸೂಲಾಗಬೇಕೆಂಬ ಹಟ ನನ್ನ ತಲೆಯಿಂದ ಇಳಿಯಿತು. ಒಂದೇ ಚಿತ್ರ ನೋಡಿ ಹೊರಬಂದರೂ ನಷ್ಟವಿಲ್ಲ. ನಾಳೆ ಮತ್ತೆ ಬರಬಹುದು.

ಅಲ್ಲಿಂದ ನನ್ನ ದಿನಚರಿ ಹೀಗಾಯಿತು. ಟ್ರಾಮಿನಲ್ಲಿ ಬರ್ಗ್‌ರಿಂಗ್ ನಿಲ್ದಾಣಕ್ಕೆ ಬಂದು ಇಳಿಯುವುದು, ಹತ್ತು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲಿರುವುದು. ಕೋಟು, ಚೀಲಗಳನ್ನು ಕೆಳಗೇ ಒಪ್ಪಿಸಬೇಕು. ನೋಟುಪುಸ್ತಕ, ಪೆನ್ಸಿಲು, ಕನ್ನಡಕವಷ್ಟೇ ಕೈಯಲ್ಲಿ. ದಿನಕ್ಕೆ ಒಂದು ಕೋಣೆ, ಒಂದು ಗಂಟೆ. ಗೋಡೆಯ ಮೇಲಿನ ಹೆಸರುಪಟ್ಟಿಯನ್ನು ಮೊದಲು ಓದುವುದಿಲ್ಲ. ಚಿತ್ರವನ್ನು ಹತ್ತು ನಿಮಿಷ ನೋಡಿ, ಕಣ್ಣಿಗೆ ಬಿದ್ದದ್ದನ್ನು ಪುಸ್ತಕದಲ್ಲಿ ಗೀಚಿ, ಆಮೇಲೆ ಓದುವುದು. ಮೊದಲೇ ಓದಿದರೆ ಅಲ್ಲಿ ಬರೆದಿರುವುದಷ್ಟೇ ಕಾಣುತ್ತದೆ. ಕಿವಿಗೆ ಹಾಕಿಕೊಳ್ಳುವ ವಿವರಣೆಯ ಯಂತ್ರವನ್ನೂ ಇದೇ ಕಾರಣಕ್ಕೆ ಮುಟ್ಟಲಿಲ್ಲ. ಕೋಣೆಗಳ ನಡುವೆ ಮೆತ್ತನೆಯ ಸೋಫಾಗಳಿವೆ. ನನ್ನ ಮಂಡಿ ಅವುಗಳಿಗೆ ಋಣಿ.

ಬಹುಪಾಲು ದಿನಗಳು ಕಳೆದದ್ದು ಬ್ರೂಗೆಲ್ ಕೋಣೆಯಲ್ಲಿ. ಈ ಚಿತ್ರಕಾರ ಹಲಗೆಯ ಮೇಲೆ ಬರೆದದ್ದರಲ್ಲಿ ಉಳಿದಿರುವುದು ಸುಮಾರು 40. ಅವುಗಳಲ್ಲಿ 12 ಇಲ್ಲಿವೆ. ಜಗತ್ತಿನ ಬೇರೆ ಯಾವ ಸಂಗ್ರಹದಲ್ಲೂ ಅವನ ಇಷ್ಟು ಚಿತ್ರಗಳಿಲ್ಲ. 1560ರ 'ಮಕ್ಕಳ ಆಟಗಳು' ಚಿತ್ರದ ಮುಂದೆ ನಾನು ಎರಡು ಬೆಳಗು ಕುಳಿತೆ. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಹೆಚ್ಚು ಆಟಗಳು. ಬುಗುರಿ ಇದೆ, ಮರಗಾಲಿದೆ, ಬಗ್ಗಿ ನಿಂತವನ ಬೆನ್ನ ಮೇಲಿಂದ ಹಾರುವುದಿದೆ. ಎಡಮೂಲೆಯಲ್ಲಿ ಇಬ್ಬರು ಮೂಳೆಯ ತುಂಡುಗಳನ್ನು ಹಿಡಿದು ನಮ್ಮ ಐದುಕಲ್ಲಿನಂಥ ಆಟದಲ್ಲಿದ್ದಾರೆ. ಬಲಮೂಲೆಯಲ್ಲಿ ಒಬ್ಬಳು ಇಟ್ಟಿಗೆ ಉಜ್ಜಿ ಕೆಂಪು ಪುಡಿ ಮಾಡಿ, ತಕ್ಕಡಿ ಇಟ್ಟುಕೊಂಡು ಅಂಗಡಿ ಹೂಡಿದ್ದಾಳೆ. ನಾನೂ ಹಿತ್ತಿಲಲ್ಲಿ ಇದೇ ಅಂಗಡಿ ಇಟ್ಟವಳು. ನನ್ನ ಇಟ್ಟಿಗೆ ಪುಡಿ ಖಾರದ ಪುಡಿಯಾಗಿ ಮಾರಾಟವಾಗುತ್ತಿತ್ತು. ಇಷ್ಟು ಜನರಲ್ಲಿ ಒಂದು ಮಗುವಿನ ಮುಖದಲ್ಲೂ ನಗು ಹುಡುಕಿ ತೆಗೆಯುವುದು ಕಷ್ಟ. ಆಟವನ್ನು ಅವರು ಕೆಲಸದಂತೆ ಮಾಡುತ್ತಿದ್ದಾರೆ.

ಪಕ್ಕದ 'ರೈತರ ಮದುವೆ'ಯಲ್ಲಿ ಪಂಕ್ತಿ ಊಟ ನಡೆದಿದೆ. ಕೀಲಿನಿಂದ ಕಳಚಿದ ಬಾಗಿಲೊಂದನ್ನೇ ತಟ್ಟೆ ಮಾಡಿಕೊಂಡು ಇಬ್ಬರು ಊಟ ಹೊತ್ತು ತರುತ್ತಿದ್ದಾರೆ. ಮದುಮಗಳು ಹಸಿರು ಬಟ್ಟೆಯ ಮುಂದೆ ಕೈಕಟ್ಟಿ ಕುಳಿತಿದ್ದಾಳೆ. ಮದುಮಗ ಯಾರೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಬಾಗಿಲಿನ ಕೆಳಗೆ ಕಾಣುವ ಒಂದು ಕಾಲು ಯಾರದೆಂದು ಎಣಿಸಿದರೂ ಲೆಕ್ಕ ಹತ್ತುವುದಿಲ್ಲ. ಊದುವವನೊಬ್ಬ ವಾದ್ಯ ಮರೆತು ಊಟವನ್ನೇ ನೋಡುತ್ತಿದ್ದಾನೆ. ನಮ್ಮ ವಾಲಗದವರ ಮುಖದಲ್ಲಿ ಎರಡನೆಯ ಪಂಕ್ತಿಯ ಹೊತ್ತಿಗೆ ಇದೇ ನೋಟವನ್ನು ಕಂಡಿದ್ದೇನೆ.

ನನ್ನನ್ನು ಬಹಳ ಕಾಡಿದ್ದು ಬೇರೆಯದು. ಸ್ಪೇನಿನ ವೆಲಾಸ್ಕೆಸ್ ಬರೆದ ರಾಜಕುಮಾರಿ ಮಾರ್ಗರಿಟಾಳ ಮೂರು ಚಿತ್ರಗಳು ಇಲ್ಲಿವೆ. ಒಂದರಲ್ಲಿ ಗುಲಾಬಿ ಬಟ್ಟೆಯ ಪುಟ್ಟ ಕೂಸು, ಇನ್ನೊಂದರಲ್ಲಿ ಬಿಳಿ ಉಡುಪಿನ ಐದು ವರ್ಷದವಳು, 1659ರದರಲ್ಲಿ ನೀಲಿ ಉಡುಪಿನ ಎಂಟು ವರ್ಷದವಳು. ಇವು ಸ್ಪೇನಿನಿಂದ ವಿಯೆನ್ನಾಕ್ಕೆ ಏಕೆ ಬಂದವು? ವರನ ಮನೆಯವರು ನೋಡಲಿ ಎಂದು. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆಂದು ಕೆಲವು ವರ್ಷಗಳಿಗೊಮ್ಮೆ ಕಳುಹಿಸಿದ ಫೋಟೋಗಳು ಇವು. ವರ ಲಿಯೊಪೋಲ್ಡ್ ಚಕ್ರವರ್ತಿ ಅವಳ ತಾಯಿಯ ತಮ್ಮ, ಅಂದರೆ ಸೋದರಮಾವ. ಅವಳ ತಾಯಿಯೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಯುರೋಪಿನ ಓದುಗರಿಗೆ ಇದನ್ನು ವಿವರಿಸಲು ವಂಶವೃಕ್ಷದ ಚಿತ್ರ ಬೇಕಾಗುತ್ತದೆ. ಎರಡು ತಲೆಮಾರು ಸೋದರಮಾವನಿಗೇ ಕೊಟ್ಟ ಮನೆಗಳನ್ನು ನಾನು ನನ್ನ ಬಂಧುಗಳಲ್ಲೇ ಕಂಡಿದ್ದೇನೆ. ಒಂದು ಸಾಲಿನಲ್ಲಿ ಅರ್ಥವಾಯಿತು. ಮಾರ್ಗರಿಟಾಳ ಮದುವೆ 1666ರಲ್ಲಿ ನಡೆದಾಗ ಅವಳಿಗೆ ಹದಿನೈದು. 1673ರಲ್ಲಿ, ಇಪ್ಪತ್ತೊಂದಕ್ಕೆ ತೀರಿಕೊಂಡಳು. ನಾಲ್ವರು ಮಕ್ಕಳಲ್ಲಿ ದೊಡ್ಡವಳಾಗಿ ಬೆಳೆದದ್ದು ಒಬ್ಬಳೇ.

ಆ ನೀಲಿ ಉಡುಪಿನ ಹತ್ತಿರ ಹೋದರೆ ಉಡುಪೇ ಇಲ್ಲ. ಬೂದು, ಬಿಳಿ, ನೀಲಿಯ ಅವಸರದ ಗೀಟುಗಳಷ್ಟೇ. ಆರು ಹೆಜ್ಜೆ ಹಿಂದೆ ಸರಿದರೆ ರೇಷ್ಮೆ, ಬೆಳ್ಳಿಯ ಪಟ್ಟಿ, ಕೈಯಲ್ಲಿ ತುಪ್ಪಳದ ಗವಸು. ಹಿಂದೆ, ಮುಂದೆ, ಮತ್ತೆ ಹಿಂದೆ ಎಂದು ಓಡಾಡುತ್ತಿದ್ದ ನನ್ನನ್ನು ಕಾವಲಿನ ಹೆಂಗಸು ಅನುಮಾನದಿಂದ ನೋಡಿದಳು. ನೋಟುಪುಸ್ತಕ ತೋರಿಸಿದ ಮೇಲೆ ನಕ್ಕಳು. ಮರುದಿನದಿಂದ ನನಗೆ ತಲೆಯಾಡಿಸುತ್ತಿದ್ದಳು.

ಉಳಿದುವನ್ನು ಬೇಗ ಹೇಳುತ್ತೇನೆ. ಕೆಳಮಹಡಿಯಲ್ಲಿ ಇಟಲಿಯ ಅಕ್ಕಸಾಲಿಗ ಚೆಲ್ಲಿನಿ ಮಾಡಿದ ಚಿನ್ನದ ಉಪ್ಪಿನ ಪಾತ್ರೆಯಿದೆ. 2003ರಲ್ಲಿ ಕಳುವಾಗಿ, 2006ರಲ್ಲಿ ಕಾಡಿನೊಳಗೆ ಹೂತಿಟ್ಟಲ್ಲಿಂದ ಸಿಕ್ಕಿತು. ಅದರ ಮುಂದೆ ಜನ ನಿಲ್ಲುವುದು ಕೆಲಸಗಾರಿಕೆಗಿಂತ ಕಳ್ಳತನದ ಕಥೆಗಾಗಿ. ನಾನೂ ಹಾಗೆಯೇ ನಿಂತೆ. ರಾಜಭಂಡಾರದ ಕಿರೀಟಗಳ ನಡುವೆ ಅರ್ಧ ಗಂಟೆಗೇ ಬೇಸರ ಬಂತು. ಸೆಸೆಷನ್ ಎಂಬ ಕಲಾಪ್ರದರ್ಶನದ ಕಟ್ಟಡದ ಚಿನ್ನದ ಎಲೆಗಳ ಗುಮ್ಮಟವನ್ನು ಊರಿನವರು ಎಲೆಕೋಸು ಎಂದು ಹಾಸ್ಯ ಮಾಡುತ್ತಾರಂತೆ. ತಪ್ಪೇನಿಲ್ಲ.

ಒಂದು ಎಚ್ಚರಿಕೆ: ರಜೆಯ ದಿನಗಳನ್ನು ನೋಡಿಕೊಳ್ಳಿ. ಅಕ್ಟೋಬರಿನ ಒಂದು ಸೋಮವಾರ ಮಳೆಯಲ್ಲಿ ನೆನೆದುಕೊಂಡು ಹೋದರೆ ಕಲಾ ಇತಿಹಾಸ ಮ್ಯೂಸಿಯಂನ ಬಾಗಿಲು ಹಾಕಿತ್ತು. ಎದುರಿಗೇ, ಮಾರಿಯಾ ಥೆರೇಸಾಳ ಪ್ರತಿಮೆಯ ಆಚೆ, ಅದರ ಅವಳಿಯಂತೆ ನಿಂತಿರುವ ಪ್ರಕೃತಿ ಇತಿಹಾಸ ಮ್ಯೂಸಿಯಂಗೆ ರಜೆ ಮಂಗಳವಾರ. ಹಾಗಾಗಿ ಒದ್ದೆ ಚಪ್ಪಲಿಯಲ್ಲೇ ಅತ್ತ ಹೋದೆ. ಅಲ್ಲಿ, ಕತ್ತಲು ಮಾಡಿದ ಪುಟ್ಟ ಕೋಣೆಯಲ್ಲಿ, ವಿಲೆಂಡಾರ್ಫಿನ ಹೆಣ್ಣಿನ ಶಿಲ್ಪವಿದೆ. 1908ರಲ್ಲಿ ಉತ್ಖನನದಲ್ಲಿ ಸಿಕ್ಕ ಅದಕ್ಕೆ ಸುಮಾರು 29,500 ವರ್ಷ ವಯಸ್ಸು. ಎತ್ತರ 11 ಸೆಂಟಿಮೀಟರ್, ನನ್ನ ಅಂಗೈಗೆ ಸರಿಹೋಗುವಷ್ಟು. ಮುಖವಿಲ್ಲ, ತಲೆಯ ಸುತ್ತ ಹೆಣೆದಂತಿರುವ ಸುತ್ತುಗಳು, ಭಾರವಾದ ಮೈ. ಮೊದಲೊಮ್ಮೆ ಅದಕ್ಕೆ ಕೆಮ್ಮಣ್ಣು ಬಳಿದಿತ್ತು. ಸೋಮವಾರದ ತಪ್ಪಿನಿಂದ ಸಿಕ್ಕ ಲಾಭ ಇದು.

ಕೊನೆಯ ದಿನ ಮಗಳೂ ಬಂದಳು. ಈ ಊರಿನಲ್ಲಿ ನಾಲ್ಕು ವರ್ಷದಿಂದ ಇದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಅವಳನ್ನು ನೇರವಾಗಿ 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ ಕೂರಿಸಿ, ಹೆಸರುಪಟ್ಟಿ ಓದಕೂಡದೆಂದು ಹೇಳಿದೆ. ನಾಯಿಗಳು ಸೋತಿರುವುದನ್ನು, ಮೂವರು ಬೇಟೆಗಾರರ ನಡುವೆ ಒಂದೇ ನರಿ ಸಿಕ್ಕಿರುವುದನ್ನು, ಹೋಟೆಲಿನ ಫಲಕ ಒಂದೇ ಕೊಕ್ಕೆಯಲ್ಲಿ ತೂಗುತ್ತಿರುವುದನ್ನು ನಾನು ಅಷ್ಟರಲ್ಲೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅವಳು ಇವು ಯಾವುದನ್ನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಬಲಗಡೆ ದೂರದ ಮನೆಯೊಂದನ್ನು ತೋರಿಸಿ, "ಅಮ್ಮ, ಅಲ್ಲಿ ಹೊಗೆಗೂಡಿಗೆ ಬೆಂಕಿ ಬಿದ್ದಿದೆ, ಜನ ಓಡುತ್ತಿದ್ದಾರೆ, ಕಂಡಿತಾ?" ಎಂದಳು.

ಐದು ಬೆಳಗು ಅದೇ ಚಿತ್ರದ ಮುಂದೆ ಕುಳಿತಿದ್ದೆ. ಕಂಡಿರಲಿಲ್ಲ.