ವಕೀಲರ ಸಲಹೆ ಗುಟ್ಟಾಗಿ ಉಳಿಯಬೇಕಾದರೆ: ಕಂಪನಿಯೊಳಗಿನ ನನ್ನ ಅನುಭವ

ನಾನು ಬೆಂಗಳೂರಿನ ಕಂಪನಿಯೊಂದರ ಲೀಗಲ್ ವಿಭಾಗ ನೋಡಿಕೊಳ್ಳುತ್ತೇನೆ. ತಿಂಗಳ ಸಂಬಳದ ಕೆಲಸ, ಹಾಗಾಗಿ ಬಾರ್ ಕೌನ್ಸಿಲ್ ನಿಯಮದಂತೆ ಕೋರ್ಟಿನಲ್ಲಿ ವಕೀಲಿ ಮಾಡುವಂತಿಲ್ಲ. ಇದರ ಪರಿಣಾಮ ಏನು ಅನ್ನುವುದನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಬಿಡಿಸಿ ಹೇಳಿತು. ಕಕ್ಷಿದಾರರು ಹೇಳಿದ್ದನ್ನಾಗಲಿ ಅವರಿಗೆ ಕೊಟ್ಟ ಸಲಹೆಯನ್ನಾಗಲಿ ಅವರ ಒಪ್ಪಿಗೆ ಇಲ್ಲದೆ ವಕೀಲರು ಹೊರಗೆ ಹೇಳುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಡುವ ರಕ್ಷಣೆ ಕೋರ್ಟಿನಲ್ಲಿ ವಾದಿಸುವ ವಕೀಲರಿಗೆ ಮಾತ್ರ, ನನ್ನಂಥವರಿಗಲ್ಲ. ಹೊರಗಿನ ವಕೀಲರಿಗೆ ನಾವು ಬರೆದದ್ದಕ್ಕೆ 134ನೇ ಕಲಂನ ಆಸರೆ (ಅದನ್ನು ಕೋರ್ಟಿಗೆ ತಿಳಿಸಿ ಎಂದು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ) ಇದೆ. ಆದರೆ ನಾನು ನಮ್ಮ ಎಂ.ಡಿ.ಗೆ ಬರೆದದ್ದಕ್ಕೆ ಅದೂ ಇಲ್ಲ.

ಹಾಗಾಗಿ ಸೂಕ್ಷ್ಮ ವಿಷಯಗಳ ದಾರಿಯನ್ನೇ ಬದಲಿಸಿದೆ. ನೋಟಿಸ್, ತನಿಖೆ, ದೊಡ್ಡ ವ್ಯಾಜ್ಯ ಏನೇ ಬಂದರೂ ಮೊದಲು ಹೊರಗಿನ ವಕೀಲರನ್ನು ಲಿಖಿತವಾಗಿ ನೇಮಿಸುತ್ತೇವೆ. ಅಭಿಪ್ರಾಯ ಅವರ ಲೆಟರ್‌ಹೆಡ್‌ನಲ್ಲೇ ಬರಬೇಕು. ವ್ಯಾಪಾರದ ಲೆಕ್ಕಾಚಾರ ಬೇರೆ ಮೇಲ್, ಕಾನೂನಿನ ಪ್ರಶ್ನೆ ಬೇರೆ ಮೇಲ್. ಎಲ್ಲ ಮೇಲ್‌ಗೂ ಸುಮ್ನೆ 'ಪ್ರಿವಿಲೆಜ್ಡ್' (ಅಂದರೆ ಈ ಗುಟ್ಟಿನ ರಕ್ಷಣೆ ಇರುವ ಬರಹ) ಅಂತ ಹಾಕುವುದನ್ನು ನಿಲ್ಲಿಸಿದೆವು. ಆ ಪದ ನೋಡಿ ಯಾವ ಕೋರ್ಟೂ ರಕ್ಷಣೆ ಕೊಡುವುದಿಲ್ಲ. ಯಾರು, ಯಾರಿಗೆ, ಯಾಕೆ ಬರೆದರು ಎನ್ನುವುದೇ ಮುಖ್ಯ, ಅಲ್ವಾ?

ಜಾಸ್ತಿ ಕಷ್ಟವಾದದ್ದು ವಾಟ್ಸಾಪ್. ವಕೀಲರ ಅಭಿಪ್ರಾಯವನ್ನು ಸೇಲ್ಸ್ ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಗುಟ್ಟು ಅಲ್ಲಿಗೇ ಮುಗಿಯಿತು. ಈಗ ಆ ಪಿಡಿಎಫ್ ತೆರೆಯುವ ಅನುಮತಿ ಕೆಲವೇ ಜನರಿಗಿದೆ. ಬೋರ್ಡ್ ಮಿನಿಟ್ಸ್‌ನಲ್ಲಿ 'ಕಾನೂನು ಸಲಹೆ ಪಡೆದು ಚರ್ಚಿಸಲಾಯಿತು' ಎಂದಷ್ಟೇ ಬರೆಯುತ್ತೇವೆ. ಸಲಹೆ ಏನಿತ್ತು ಎಂದು ಬರೆಯುವುದಿಲ್ಲ.

ಒಳಗಿನ ತನಿಖೆಯಲ್ಲಿ ನೌಕರರನ್ನು ಹೊರಗಿನ ವಕೀಲರೇ ಮಾತಾಡಿಸುತ್ತಾರೆ. ಶುರುವಿನಲ್ಲೇ ಅವರಿಂದ ಕನ್ನಡದಲ್ಲಿ ಹೇಳಿಸುತ್ತೇನೆ: "ನಾನು ಕಂಪನಿಯ ವಕೀಲ, ನಿಮ್ಮ ವಕೀಲ ಅಲ್ಲ. ನೀವು ಹೇಳಿದ್ದನ್ನು ಹೊರಗೆ ಹೇಳಬೇಕೋ ಬೇಡವೋ ಎಂದು ಕಂಪನಿ ತೀರ್ಮಾನಿಸುತ್ತದೆ." ಅಮೆರಿಕದಲ್ಲಿ ಅಪ್‌ಜಾನ್ ಎಂಬ ಕಂಪನಿಯ ಪ್ರಕರಣದಲ್ಲಿ ಬಂದ 1981ರ ತೀರ್ಪಿನ ನಂತರ ಬಂದ ರೂಢಿ ಇದು. ನನಗೆ ಇದು ಬರೀ ಕಾನೂನಿನ ಮಾತಲ್ಲ. ಎದುರು ಕೂತ ಮನುಷ್ಯನಿಗೆ ಅಷ್ಟಾದರೂ ತಿಳಿದಿರಬೇಕು.

ಈ ರಕ್ಷಣೆಗೆ ಮಿತಿಯೂ ಇದೆ. ಅಕ್ರಮ ನಡೆಸಲು ಕೇಳಿದ ಸಲಹೆಗೆ ಅದು ಸಿಗದು. ಮೊದಲೇ ಇದ್ದ ಬಿಲ್ಲು, ಒಪ್ಪಂದಗಳನ್ನು ವಕೀಲರ ಕೈಗೆ ಕೊಟ್ಟ ಮಾತ್ರಕ್ಕೆ ಅವು ಗುಟ್ಟಾಗುವುದಿಲ್ಲ. "ಫೈಲು ವಕೀಲರ ಹತ್ತಿರ ಇಟ್ಟುಬಿಡೋಣ ಮೇಡಂ" ಎಂದು ಮ್ಯಾನೇಜರ್ ಒಬ್ಬರು ಕೇಳಿದ್ದರು. ಮೂಲ ಪ್ರತಿಗಳು ಅಕೌಂಟ್ಸ್ ವಿಭಾಗದಲ್ಲೇ ಇರಲಿ, ವಕೀಲರಿಗೆ ನಕಲು ಸಾಕು ಎಂದೆ.