ಹಳೇ ಮಂಡಿ ಪೆಟ್ಟು, ಚಾಮುಂಡಿ ಬೆಟ್ಟದ ಮೆಟ್ಟಿಲು

ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ನನ್ನ ಬಲ ಮಂಡಿಯ ಎಸಿಎಲ್ ಹರಿಯಿತು. ತೊಡೆಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಮಂಡಿಯೊಳಗೆ ಹಿಡಿದಿಡುವ ಲಿಗಮೆಂಟ್ ಅದು. ಆಪರೇಷನ್ ಆಯಿತು, ವರ್ಷಗಳೂ ಕಳೆದವು. ನಡೆಯೋಕೆ ತೊಂದರೆ ಇರಲಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಮಾತ್ರ ಮಂಡಿಚಿಪ್ಪಿನ ಹಿಂದೆ ನೋವು, ಸಂಜೆಗೆ ಊತ. "ಬೆಟ್ಟ ಬಿಟ್ಟುಬಿಡು" ಅಂದವರೇ ಜಾಸ್ತಿ. ಮೈಸೂರಿನಲ್ಲಿದ್ದುಕೊಂಡು ಬೆಟ್ಟ ಬಿಡೋದು ಹೇಗೆ?

ಫಿಸಿಯೋಥೆರಪಿಸ್ಟ್ ಮೇಡಂ ಮಂಡಿ ಮುಟ್ಟುವ ಮೊದಲೇ ಟೇಪ್ ಹಿಡಿದು ಎರಡೂ ತೊಡೆ ಅಳೆದರು. ಬಲತೊಡೆ ಸಣ್ಣಗಿತ್ತು. ಮಂಡಿ ಊದಿಕೊಂಡಾಗ ತೊಡೆಯ ಮುಂಭಾಗದ ಸ್ನಾಯು ಸರಿಯಾಗಿ ಬಿಗಿಯೋದಿಲ್ಲ, ಸೊರಗುತ್ತದೆ. ನೋವು ಹೋದ ಮೇಲೆ ಅದು ತಾನಾಗೇ ಮೊದಲಿನಂತಾಗೋದಿಲ್ಲ, ದುಡಿಸಬೇಕು. ಮೆಟ್ಟಿಲು ಇಳಿಯುವಾಗ ಮೈಭಾರವನ್ನೆಲ್ಲ ತಡೆದು ನಿಧಾನಕ್ಕೆ ಕೆಳಗಿಳಿಸೋದು ಇದೇ ಸ್ನಾಯು. ಹತ್ತುವಾಗ ಸುಮ್ಮನಿದ್ದ ಮಂಡಿ ಇಳಿಯುವಾಗ ನೋಯುತ್ತಿದ್ದದ್ದು ಅದಕ್ಕೇ.

ಶುರು ಮಾಡಿದ್ದು ಚಾಪೆ ಮೇಲೆ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ 5 ಸೆಕೆಂಡ್ ತೊಡೆ ಬಿಗಿ ಹಿಡಿಯೋದು. ಆಮೇಲೆ ಕಾಲು ನೆಟ್ಟಗಿಟ್ಟು ಮೇಲೆತ್ತೋದು. ಗೋಡೆಗೆ ಒರಗಿ ಅರ್ಧ ಕೂರೋದು.

ನನ್ನ ಮಂಡಿಗೆ ನಿಜವಾಗಿ ಬಲ ಕೊಟ್ಟದ್ದು ಇಳಿಯುವ ಅಭ್ಯಾಸವೇ. ಮನೆ ಮುಂದಿನ ಒಂದು ಗಿಡ್ಡ ಮೆಟ್ಟಿಲು ಸಾಕು. ಪೆಟ್ಟಾದ ಕಾಲಲ್ಲಿ ಅದರ ಮೇಲೆ ನಿಂತು, ಗೋಡೆ ಹಿಡಿದು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುತ್ತಾ ನೆಲಕ್ಕೆ ತಾಗಿಸಬೇಕು. ತಾಗಿದ ಕೂಡಲೇ ಮೇಲಕ್ಕೆ. ಭಾರವನ್ನು ನೆಲಕ್ಕೆ ಬಿಡಬಾರದು. ಎದುರಿಗೆ ಕನ್ನಡಿ ಇದ್ದರೆ ಒಳ್ಳೆಯದು. ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರಬೇಕು. ವಾಲಿದರೆ ಸೊಂಟದ ಪಕ್ಕದ ಸ್ನಾಯುಗಳಿಗೂ ಕೆಲಸ ಕೊಡಬೇಕು ಅಂತ ಅರ್ಥ. ಪಕ್ಕಕ್ಕೆ ಮಲಗಿ ಕಾಲೆತ್ತುವ ವ್ಯಾಯಾಮ ಅದಕ್ಕೇ.

ಎಷ್ಟು ಮಾಡಬೇಕು ಅನ್ನೋದನ್ನು ಮರುದಿನ ಬೆಳಿಗ್ಗೆ ತೀರ್ಮಾನಿಸುತ್ತೇನೆ. ವ್ಯಾಯಾಮದ ಹೊತ್ತಿಗೆ ಸ್ವಲ್ಪ ನೋವಿದ್ದರೆ ಪರವಾಗಿಲ್ಲ. ಹಾಸಿಗೆಯಿಂದ ಎದ್ದಾಗ ಮಂಡಿಚಿಪ್ಪಿನ ಪಕ್ಕದ ತಗ್ಗನ್ನು ಎರಡೂ ಕಾಲಲ್ಲಿ ಹೋಲಿಸಿ ನೋಡುತ್ತೇನೆ. ಬಲಗಡೆ ತಗ್ಗು ತುಂಬಿಕೊಂಡಿದ್ದರೆ ಒಳಗೆ ನೀರು ಸೇರಿದೆ. ಆ ದಿನ ಮೆಟ್ಟಿಲಿಲ್ಲ, ಬರೀ ಟವೆಲ್. ಇಷ್ಟು ಸುಲಭದ ಪರೀಕ್ಷೆಯನ್ನು ಮಂಡಿ ನೋವಿರುವ ಎಲ್ಲರಿಗೂ ಹೇಳಿಕೊಡಬೇಕು ಅಲ್ವಾ?

ಬೆಟ್ಟದ ಮೆಟ್ಟಿಲು ಒಟ್ಟು ಸಾವಿರದಷ್ಟಿವೆ. ಮೊದಮೊದಲು ಹತ್ತಿ, ದೇವಿ ದರ್ಶನ ಮಾಡಿ, ಸಿಟಿ ಬಸ್ಸಲ್ಲಿ ವಾಪಸ್ ಬರುತ್ತಿದ್ದೆ. ಇಳಿಯೋಕೆ ಶುರು ಮಾಡಿದಾಗ ಮೇಲಿನಿಂದ ನಂದಿಯವರೆಗೆ ಮಾತ್ರ. ಅಲ್ಲಿಗೆ ರಸ್ತೆ ಇದೆ, ತಮ್ಮ ಸ್ಕೂಟರ್ ತರುತ್ತಿದ್ದ. ಈಗ ಪೂರ್ತಿ ಇಳಿಯುತ್ತೇನೆ, ನಿಧಾನಕ್ಕೆ, ದುಡುದುಡು ಓಡದೆ. ಪೂರ್ತಿ ಬಸ್ಕಿ ಮಾತ್ರ ಹೊಡೆಯೋದಿಲ್ಲ. ಅಷ್ಟು ಆಳಕ್ಕೆ ಕೂತರೆ ಮಂಡಿಚಿಪ್ಪಿನ ಮೇಲೆ ಒತ್ತಡ ತುಂಬಾ ಜಾಸ್ತಿ.

ಮಂಡಿ ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ದಿಢೀರನೆ ಕೈಕೊಡುತ್ತಿದ್ದರೆ ಇದ್ಯಾವುದನ್ನೂ ಶುರು ಮಾಡಬೇಡಿ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.