ಎಪ್ಕಾಟ್‌ನ ಬ್ರಿಟಿಷ್ ಬೀದಿ: ರೈಡ್ ಇಲ್ಲದ ಪೆವಿಲಿಯನ್ ನೋಡುವ ಬಗೆ

ಫ್ಲೋರಿಡಾದ ಡಿಸ್ನಿ ಥೀಮ್ ಪಾರ್ಕ್ ಎಪ್ಕಾಟ್‌ಗೆ ಹೋದವರಲ್ಲಿ ಹೆಚ್ಚಿನವರು ಯುನೈಟೆಡ್ ಕಿಂಗ್‌ಡಂ ಪೆವಿಲಿಯನ್ನನ್ನು, ಅಂದರೆ ಆ ದೇಶದ ಮಾದರಿಯಲ್ಲಿ ಕಟ್ಟಿದ ಭಾಗವನ್ನು, ಹತ್ತು ನಿಮಿಷದಲ್ಲಿ ದಾಟಿಬಿಡುತ್ತಾರೆ. ಕೆಂಪು ಟೆಲಿಫೋನ್ ಬೂತ್ ಮುಂದೆ ಒಂದು ಫೋಟೊ ತೆಗೆಸಿಕೊಂಡು, ಒಂದು ಅಂಗಡಿಗೆ ಇಣುಕಿ, ಮುಂದಿನ ದೇಶಕ್ಕೆ ಹೊರಟುಬಿಡುತ್ತಾರೆ. ಅವರದ್ದು ತಪ್ಪೇನಲ್ಲ. ಇಲ್ಲಿ ರೈಡ್ ಇಲ್ಲ, ದೂರದಿಂದ ಕೈಬೀಸಿ ಕರೆಯುವ ಗೋಪುರವೂ ಇಲ್ಲ. ಪಕ್ಕದ ಫ್ರಾನ್ಸ್‌ಗೆ ಐಫೆಲ್ ಟವರ್ ಇದೆ, ಇಟಲಿಗೆ ವೆನಿಸ್‌ನ ಗಂಟೆಗೋಪುರ ಇದೆ. ಬ್ರಿಟನ್‌ಗೆ ಒಂದು ಬಿಗ್ ಬೆನ್ ಕೂಡ ಸಿಗಲಿಲ್ಲ. ಸಿಕ್ಕಿದ್ದು ಒಂದು ಬೀದಿ. ಆ ಬೀದಿಯ ಕಟ್ಟಡಗಳೇ ಪ್ರದರ್ಶನ, ಅವುಗಳಿಗೊಂದು ಕಾಲಕ್ರಮವಿದೆ. ಅದನ್ನು ತಿಳಿದು ನಡೆದರೆ ಒಂದೂವರೆ ಗಂಟೆ ಸುಲಭವಾಗಿ ಕಳೆಯುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಎಪ್ಕಾಟ್ ತೆರೆದದ್ದು 1982ರ ಅಕ್ಟೋಬರ್ 1ರಂದು. ಕೆರೆಯ ಸುತ್ತ ಸುಮಾರು 1.9 ಕಿಲೋಮೀಟರ್ ದಾರಿಯಲ್ಲಿ ದೇಶಗಳನ್ನು ಜೋಡಿಸಿದ ‘ವರ್ಲ್ಡ್ ಶೋಕೇಸ್’ ಭಾಗದಲ್ಲಿ ಆಗ ಇದ್ದದ್ದು ಒಂಬತ್ತು ಪೆವಿಲಿಯನ್. ಬ್ರಿಟನ್ನಿನದು ಅವುಗಳಲ್ಲಿ ಒಂದು. ಮೊರಾಕ್ಕೊ 1984ರಲ್ಲಿ, ನಾರ್ವೆ 1988ರಲ್ಲಿ ಸೇರಿ ಹನ್ನೊಂದಾಯಿತು. ಪ್ರಾಯೋಜಕ ಕಂಪನಿಗಳ ಆಸರೆಯಲ್ಲಿ ನಡೆಯುವ ವ್ಯವಸ್ಥೆ ಅದು. ಪಬ್‌ಗೆ ಬಾಸ್ ಬಿಯರ್ ಕಂಪನಿಯ ನಂಟಿತ್ತು, ಉಣ್ಣೆಬಟ್ಟೆಗೆ ಪ್ರಿಂಗಲ್ ಆಫ್ ಸ್ಕಾಟ್‌ಲೆಂಡ್, ಪಿಂಗಾಣಿಗೆ ರಾಯಲ್ ಡೌಲ್ಟನ್, ಚಹಾಕ್ಕೆ ಟ್ವೈನಿಂಗ್ಸ್. ಈ ಪೆವಿಲಿಯನ್ ಹೆಚ್ಚುಕಡಿಮೆ ಅಂಗಡಿಬೀದಿಯೇ ಏಕಾಯಿತು ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ರೈಡ್ ಬರುವ ಆಸೆ ಒಮ್ಮೆ ಹುಟ್ಟಿತ್ತು. 2019ರ ಆಗಸ್ಟ್‌ನಲ್ಲಿ ಡಿಸ್ನಿ ಮೇರಿ ಪಾಪಿನ್ಸ್ ಸಿನಿಮಾ ಆಧರಿಸಿದ ಒಂದು ಆಕರ್ಷಣೆಯನ್ನು ಇಲ್ಲಿಗೆ ಘೋಷಿಸಿತು. ಚೆರ್ರಿ ಟ್ರೀ ಲೇನ್ ಎಂಬ ಬೀದಿಯನ್ನೇ ಕಟ್ಟುವ ಮಾತಿತ್ತು. 2020ರಲ್ಲಿ ಕೋವಿಡ್ ಬಂದು ಪಾರ್ಕ್‌ಗಳು ಮುಚ್ಚಿದ ವರ್ಷ ಆ ಯೋಜನೆ ನಿಂತಿತು. ಹಳೆಯ ಬ್ಲಾಗು, ವಿಡಿಯೊ ನೋಡಿ ‘ಹೊಸ ರೈಡ್ ಎಲ್ಲಿ?’ ಎಂದು ಹುಡುಕುತ್ತಾ ಸಮಯ ಕಳೆಯಬೇಡಿ.

ಯಾವ ಬಾಗಿಲು, ಯಾವ ಹೊತ್ತು

ಎಪ್ಕಾಟ್‌ಗೆ ಎರಡು ಪ್ರವೇಶದ್ವಾರ. ಕಾರು ನಿಲ್ಲಿಸುವ ಜಾಗ ಮತ್ತು ಮೋನೋರೈಲು ಇರುವುದು ಮುಂದಿನ ದ್ವಾರದ ಬಳಿ. ಹಿಂದಿನದು ‘ಇಂಟರ್‌ನ್ಯಾಷನಲ್ ಗೇಟ್‌ವೇ’; ಅದು ಬ್ರಿಟನ್ ಮತ್ತು ಫ್ರಾನ್ಸ್ ನಡುವೆಯೇ ತೆರೆದುಕೊಳ್ಳುತ್ತದೆ. ಒಳಗೆ ಬಂದು ಎಡಕ್ಕೆ ತಿರುಗಿದರೆ ಬ್ರಿಟನ್, ಬಲಕ್ಕೆ ಸೇತುವೆ ದಾಟಿದರೆ ಫ್ರಾನ್ಸ್. 2019ರಲ್ಲಿ ಶುರುವಾದ ಸ್ಕೈಲೈನರ್ ಕೇಬಲ್ ಕಾರು ಈ ಹಿಂದಿನ ದ್ವಾರಕ್ಕೇ ತಂದು ಬಿಡುತ್ತದೆ. ಹಾಲಿವುಡ್ ಸ್ಟುಡಿಯೋಸ್ ಪಾರ್ಕ್‌ನಿಂದ ಬರುವವರಿಗೂ ಇದು ಉಚಿತ. ನಡುವೆ ಒಂದು ಕಡೆ ಇಳಿದು ಬೇರೆ ಸಾಲಿಗೆ ಹತ್ತಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಸಮಯದಲ್ಲಿ. ಪಾರ್ಕ್‌ನ ಮುಂಭಾಗ ಬೆಳಿಗ್ಗೆಯೇ ತೆರೆದರೂ ವರ್ಲ್ಡ್ ಶೋಕೇಸ್ ಅಂಗಡಿಗಳು ಸಾಮಾನ್ಯವಾಗಿ 11 ಗಂಟೆಗೆ ಮುಂಚೆ ಬಾಗಿಲು ತೆಗೆಯುವುದಿಲ್ಲ. ಹಾಗಂತ ಮಧ್ಯಾಹ್ನ 3ಕ್ಕೆ ಹೋಗಬೇಡಿ. ಈ ಪೆವಿಲಿಯನ್ ಕೆರೆಯ ಪಶ್ಚಿಮ ದಂಡೆಯಲ್ಲಿದೆ. ಅಂಗಡಿಗಳ ಮುಖ ಪೂರ್ವಕ್ಕೆ, ಅಂದರೆ ಕೆರೆಯ ಕಡೆಗೆ. ಅವುಗಳ ಮೇಲೆ ಬಿಸಿಲು ಇರುವುದು ಸುಮಾರು 1 ಗಂಟೆಯವರೆಗೆ. ಆಮೇಲೆ ಸೂರ್ಯ ಚಾವಣಿಯ ಹಿಂದೆ ಸರಿದು ಫೋಟೊದಲ್ಲಿ ಗೋಡೆ ಕಪ್ಪಗೆ, ಆಕಾಶ ಬೆಳ್ಳಗೆ ಬರುತ್ತದೆ. ಪಬ್ ಇರುವುದು ದಾರಿಯ ಇನ್ನೊಂದು ಬದಿ, ಕೆರೆಯ ಅಂಚಿನಲ್ಲಿ. ಅದರ ಬೀದಿಮುಖಕ್ಕೆ ಬೆಳಕು ಸಂಜೆ. ಆದ್ದರಿಂದ ಬೀದಿಯನ್ನು 11ರಿಂದ 12.30ರೊಳಗೆ ನೋಡಿ ಮುಗಿಸಿ, ಪಬ್‌ಗೆ ಸಂಜೆ ಮತ್ತೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆ ಫ್ಲೋರಿಡಾದಲ್ಲಿ ಮಾಮೂಲು, ಅದಕ್ಕೂ ಈ ಹೊತ್ತೇ ಅನುಕೂಲ.

ಬೀದಿ

ಹುಲ್ಲಿನ ಚಾವಣಿಯ ಮನೆಯಿಂದ ಶುರುಮಾಡಿ. ಅದು 1500ರ ದಶಕಗಳ ಹಳ್ಳಿಮನೆ. ‘ಟೀ ಕ್ಯಾಡಿ’ ಎಂಬ ಚಹಾ ಅಂಗಡಿ ಅದರಲ್ಲಿದೆ. ಷೇಕ್ಸ್‌ಪಿಯರ್‌ನ ಹೆಂಡತಿ ಆನ್ ಹ್ಯಾಥವೇ ಹುಟ್ಟಿ ಬೆಳೆದ ಸ್ಟ್ರಾಟ್‌ಫರ್ಡ್ ಬಳಿಯ ಮನೆಯ ಮಾದರಿ. ಒಳಗೆ ದಪ್ಪ ತೊಲೆಗಳನ್ನೂ ಅಗಲವಾದ ಅಗ್ಗಿಷ್ಟಿಕೆಯನ್ನೂ ಗಮನಿಸಿ. ಆಮೇಲೆ ಹೊರಗೆ ಬಂದು ಚಾವಣಿಯ ಅಂಚನ್ನು ಕೆಳಗಿನಿಂದ ನೋಡಿ. ಅದು ಹುಲ್ಲಲ್ಲ, ಪೊರಕೆಗೆ ಬಳಸುವಂಥ ಪ್ಲಾಸ್ಟಿಕ್ ಎಳೆ. ನಿಜವಾದ ಹುಲ್ಲು ಬೆಂಕಿಗೆ ಬೇಗ ತುತ್ತಾಗುತ್ತದೆ, ಇಲ್ಲಿನ ತೇವಕ್ಕೆ ಕೊಳೆಯುತ್ತದೆ. ಕತ್ತರಿಸಿದ ತುದಿಗಳು ಎಲ್ಲ ಒಂದೇ ದಪ್ಪ ಇರುವುದೇ ಗುರುತು. ಹೊಲದಿಂದ ಬಂದ ಹುಲ್ಲಿನ ಕಡ್ಡಿಗಳು ಹಾಗಿರುವುದಿಲ್ಲ.

ನಂತರ ಮರದ ಚೌಕಟ್ಟಿನ ನಡುವೆ ಬಿಳಿ ಗಾರೆ ತುಂಬಿದ ಟ್ಯೂಡರ್ ಮನೆ. ಮೇಲಿನ ಮಹಡಿ ಬೀದಿಯ ಕಡೆಗೆ ಚಾಚಿಕೊಂಡಿರುತ್ತದೆ, ಕಟ್ಟಡ ಸ್ವಲ್ಪ ವಾಲಿದೆ ಕೂಡ. ಹಸಿ ಓಕ್ ಮರ ಒಣಗುತ್ತಾ ತಿರುಚಿಕೊಂಡು ನೂರಾರು ವರ್ಷದಲ್ಲಿ ಮನೆಗಳು ವಾಲುವುದು ಇಂಗ್ಲೆಂಡಿನಲ್ಲಿ ಸಹಜ. ಇಲ್ಲಿ ಅದನ್ನು ಹೊಸದಾಗಿಯೇ ವಾಲಿಸಿ ಕಟ್ಟಿದ್ದಾರೆ. ದಾರಿಯ ಇನ್ನೊಂದು ಬದಿಗೆ, ಕೆರೆಯ ಕಟಕಟೆಯವರೆಗೆ ಹಿಂದೆ ಸರಿದು ತಲೆಯೆತ್ತಿ ಹೊಗೆಗೂಡುಗಳನ್ನು ನೋಡಿ. ಬಾಯಿಯ ಸುತ್ತ ಕಾಣುವ ಮಸಿ ಕೈಯಿಂದ ಬಳಿದ ಬಣ್ಣ. ಹತ್ತಿರ ನಿಂತರೆ ಇದು ಕಾಣುವುದಿಲ್ಲ, ಬಹಳ ಜನ ತಪ್ಪಿಸಿಕೊಳ್ಳುವುದು ಇದನ್ನೇ.

ಮುಂದೆ ಗಾರೆ ಗೋಡೆಯ ಮನೆ, ಅದಾದ ಮೇಲೆ ಸೈಜುಗಲ್ಲಿನ ಮುಖವಿರುವ ಹಳೆಯ ರೋಮನ್ ಕಟ್ಟಡಗಳನ್ನು ನೆನಪಿಸುವ ಪಲ್ಲಾಡಿಯನ್ ಶೈಲಿಯ ಕಟ್ಟಡ, ಕೊನೆಗೆ ಲಂಡನ್ನಿನ ಚೌಕ. ಈ ಭಾಗದಲ್ಲಿ ಥೀಮ್ ಪಾರ್ಕ್ ಬಲ್ಲವರೂ ಒಂದು ತಪ್ಪು ಮಾಡುತ್ತಾರೆ. ಮೇಲಿನ ಮಹಡಿಗಳ ಕಿಟಕಿ ಚಿಕ್ಕದಾಗಿದ್ದರೆ ‘ಇದು ಕಣ್ಣಿಗೆ ಮೋಸ, ಕಟ್ಟಡ ಎತ್ತರ ಕಾಣಲೆಂದು ಮಾಡಿದ ತಂತ್ರ’ ಎಂದು ಹೇಳಿಬಿಡುತ್ತಾರೆ. ಡಿಸ್ನಿ ಆ ತಂತ್ರವನ್ನು ಬೇರೆಡೆ ಧಾರಾಳವಾಗಿ ಬಳಸಿದೆ, ನಿಜ. ಆದರೆ ನಿಜವಾದ ಜಾರ್ಜಿಯನ್ (18ನೇ ಶತಮಾನದ ಬ್ರಿಟಿಷ್ ಶೈಲಿಯ) ಮನೆಗಳಲ್ಲೂ ಮೇಲೆ ಹೋದಂತೆ ಕಿಟಕಿ ಕುಗ್ಗುತ್ತದೆ. ಅತಿಥಿಗಳ ಕೋಣೆ ಕೆಳ ಮಹಡಿಗಳಲ್ಲಿ, ಆಳುಗಳ ಕೋಣೆ ಚಾವಣಿಯಡಿ, ಅದಕ್ಕೆ ತಕ್ಕ ಕಿಟಕಿ. ತಂತ್ರವೋ ಶೈಲಿಯೋ ತಿಳಿಯಬೇಕಾದರೆ ಕಿಟಕಿ ಬಿಟ್ಟು ಇಟ್ಟಿಗೆ ನೋಡಿ. ಇಟ್ಟಿಗೆಯ ಗಾತ್ರವೂ ಮೇಲೆ ಹೋದಂತೆ ಕಿರಿದಾದರೆ ಮಾತ್ರ ಅದು ಮೋಸ.

ಕೆಂಪಿಟ್ಟಿಗೆಯ ಗೋಪುರಗಳಿರುವ ‘ಸ್ಪೋರ್ಟ್ಸ್‌ಮನ್ಸ್ ಶಾಪ್’ ಕಟ್ಟಡದ ಒಂದು ಮುಖ ಹ್ಯಾಂಪ್ಟನ್ ಕೋರ್ಟ್ ಅರಮನೆಯನ್ನು ಹೋಲುತ್ತದೆ. ಬಳಸಿಕೊಂಡು ಇನ್ನೊಂದು ಬದಿಗೆ ಹೋದರೆ ಅದೇ ಕಟ್ಟಡ ಸ್ಕಾಟ್‌ಲೆಂಡಿನ ಅಬಟ್ಸ್‌ಫರ್ಡ್ ಆಗುತ್ತದೆ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕಟ್ಟಿಸಿಕೊಂಡಿದ್ದ ಬಂಗಲೆ. ಒಂದೇ ಕಟ್ಟಡಕ್ಕೆ ಎರಡು ರಾಜ್ಯದ ಮುಖ ಕೊಟ್ಟು ಜಾಗ ಉಳಿಸುವ ಈ ಉಪಾಯ ಇಡೀ ಪೆವಿಲಿಯನ್ನಿನಲ್ಲಿ ಅತ್ಯಂತ ಜಾಣತನದ ಕೆಲಸ. ಮುಂದಿನಿಂದ ನೋಡಿ ಹೊರಟುಬಿಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅಂಗಡಿಗಳ ಹೆಸರು, ಸರಕು ಆಗಾಗ ಬದಲಾಗುತ್ತದೆ. ಗೋಡೆ ಬದಲಾಗಿಲ್ಲ, ಗೋಡೆಯನ್ನೇ ಗುರುತಿಟ್ಟುಕೊಳ್ಳಿ.

ಟೆಲಿಫೋನ್ ಬೂತ್ ಮುಂದೆ ನಿಂತಾಗ ಗಾಜಿನ ಸಾಲು ಎಣಿಸಿ. ಎಂಟು ಸಾಲಿದ್ದು ನಡುವಿನ ಗಾಜು ಅಗಲವಾಗಿದ್ದರೆ ಅದು ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ರೂಪಿಸಿದ ಕೆ6 ಮಾದರಿ. ಆರು ಸಾಲು, ಎಲ್ಲ ಗಾಜೂ ಸಮ ಅಂದರೆ ಅವರದ್ದೇ ಹಳೆಯ ಕೆ2.

ಬೀದಿಯ ಹಿಂದೆ ತೋಟವಿದೆ. ಪೊದೆಬೇಲಿಯ ಪುಟ್ಟ ಚಕ್ರವ್ಯೂಹ ಮಕ್ಕಳಿಗೆ. ಎತ್ತರ ಕಡಿಮೆ, ಮಕ್ಕಳ ತಲೆ ಕಾಣುತ್ತಿರುತ್ತದೆ, ಧೈರ್ಯವಾಗಿ ಬಿಡಬಹುದು. ಹೈಡ್ ಪಾರ್ಕ್ ಮಾದರಿಯ ಬ್ಯಾಂಡ್‌ಸ್ಟ್ಯಾಂಡ್ ಇಲ್ಲೇ ಇದೆ. ಕಬ್ಬನ್ ಪಾರ್ಕ್‌ನ ಬ್ಯಾಂಡ್‌ಸ್ಟ್ಯಾಂಡ್ ನೋಡಿ ಬೆಳೆದವರಿಗೆ ಇದು ಪರಿಚಿತ ಅನ್ನಿಸುವುದು ಆಕಸ್ಮಿಕವಲ್ಲ, ಎರಡೂ ಒಂದೇ ಬ್ರಿಟಿಷ್ ರೂಢಿಯವು. ಸಂಗೀತ ಕಾರ್ಯಕ್ರಮದ ಹೊತ್ತು, ಮೇರಿ ಪಾಪಿನ್ಸ್ ವೇಷದವರು ಬರುವ ಹೊತ್ತು ದಿನದಿನಕ್ಕೆ ಬದಲಾಗುತ್ತದೆ. ಆ ದಿನ ಬೆಳಿಗ್ಗೆ ಡಿಸ್ನಿ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಸಿಬ್ಬಂದಿಯ ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಊರಿನ ಹೆಸರೂ ಇರುತ್ತದೆ. ಸಾಂಸ್ಕೃತಿಕ ವಿನಿಮಯ ವೀಸಾದಲ್ಲಿ ಸುಮಾರು ಒಂದು ವರ್ಷಕ್ಕೆಂದು ಬ್ರಿಟನ್‌ನಿಂದ ಬಂದವರು ಇವರಲ್ಲಿ ಹೆಚ್ಚು. 2020ರಲ್ಲಿ ನಿಂತ ಈ ಕಾರ್ಯಕ್ರಮ 2022ರಲ್ಲಿ ಮತ್ತೆ ಶುರುವಾಯಿತು. ಊರಿನ ಬಗ್ಗೆ ಕೇಳಿದರೆ ಖುಷಿಯಿಂದ ಮಾತಾಡುತ್ತಾರೆ, ಬಿಲ್ಲಿಂಗ್ ಸಾಲು ಉದ್ದವಿದ್ದಾಗ ಮಾತ್ರ ಬೇಡ.

ಪಬ್, ಊಟ, ಸಸ್ಯಾಹಾರಿಗಳ ಪಾಡು

‘ರೋಸ್ ಅಂಡ್ ಕ್ರೌನ್’ ಪಬ್‌ಗೆ ಒಳಗೆ ಹೋಗುವ ಮುಂಚೆ ಒಮ್ಮೆ ಹೊರಗಿನಿಂದ ನೋಡಿ. ನಾಲ್ಕು ಬಗೆಯ ಪಬ್‌ಗಳನ್ನು ಬೆಸೆದು ಕಟ್ಟಿದ ಕಟ್ಟಡ ಇದು. ಬೀದಿಯ ಕಡೆಗೆ 1890ರ ದಶಕದ ನಗರದ ಪಬ್, ಇಟ್ಟಿಗೆ ಮತ್ತು ಮರದ ಹಲಗೆ. ಕೆರೆಯ ಕಡೆಗೆ ಹೊಳೆದಂಡೆಯ ಪಬ್, ಸಾದಾ ಕಲ್ಲು, ಹೆಂಚು. ಇವುಗಳ ಜೊತೆಗೆ ಲಂಡನ್ನಿನ ‘ಚೆಷರ್ ಚೀಸ್’ ಮಾದರಿಯದೊಂದು, ಅದಕ್ಕೆ ಚಪ್ಪಡಿ ಕಲ್ಲಿನ ಅಂಗಳವಿದೆ. ಗಾರೆ ಗೋಡೆಗೆ ಮೂಲೆಗಲ್ಲು ಕೊಟ್ಟ ಹಳ್ಳಿಯ ಪಬ್ ಇನ್ನೊಂದು. ಚಾವಣಿ ಹೆಂಚಿನಿಂದ ಸ್ಲೇಟ್ ಕಲ್ಲಿಗೆ ಎಲ್ಲಿ ಬದಲಾಗುತ್ತದೆ ಎಂದು ನೋಡುತ್ತಾ ಹೋದರೆ ಬೆಸುಗೆಯ ಜಾಗ ಸಿಗುತ್ತದೆ.

ಒಳಗೆ ಎರಡು ಭಾಗ. ಕೂತು ಊಟಮಾಡುವ ಕೋಣೆಗೆ 60 ದಿನ ಮುಂಚೆಯೇ ಬುಕಿಂಗ್ ತೆರೆಯುತ್ತದೆ. ಬಾರ್ ಭಾಗಕ್ಕೆ ಬುಕಿಂಗ್ ಬೇಕಿಲ್ಲ, ಬೇಗ ಹೋದವರಿಗೆ ಜಾಗ. ಮದ್ಯಕ್ಕೆ ಕನಿಷ್ಠ ವಯಸ್ಸು 21. ತಲೆ ನರೆತವರನ್ನೂ ಫೋಟೊ ಇರುವ ಗುರುತಿನ ದಾಖಲೆ ಕೇಳಬಹುದು. ಊರಿನಿಂದ ಬಂದ ಅಪ್ಪ, ಮಾವ ಇದ್ದರೆ ಅವರ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಆಧಾರ್ ಇಲ್ಲಿ ನಡೆಯುತ್ತದೆಂದು ನೆಚ್ಚಬೇಡಿ.

ಪಕ್ಕದ ‘ಯಾರ್ಕ್‌ಶೈರ್ ಕೌಂಟಿ ಫಿಶ್ ಶಾಪ್’ ಕಿಟಕಿಯಲ್ಲಿ ಮೀನು ಮತ್ತು ದಪ್ಪ ಆಲೂ ಚಿಪ್ಸ್ ಸಿಗುತ್ತದೆ. ಸಸ್ಯಾಹಾರಿಗಳು ‘ಚಿಪ್ಸ್ ಮಾತ್ರ ಕೊಡಿ’ ಎಂದು ಕೇಳಿ ನಿಶ್ಚಿಂತರಾಗುವುದು ಸರಿಯಲ್ಲ. ಎರಡು ಪ್ರಶ್ನೆ ಕೇಳಿ: ಮೀನು ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುತ್ತೀರಾ? ಎಣ್ಣೆ ಯಾವುದು? ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ಪದ್ಧತಿ, ಆದ್ದರಿಂದ ಬ್ರಿಟಿಷ್ ಅಡುಗೆಯ ಮುಂದೆ ಈ ಪ್ರಶ್ನೆ ಎಲ್ಲಿಯಾದರೂ ಸಲ್ಲುತ್ತದೆ. ಮೀನು ತಿನ್ನುವವರೂ ಮದ್ಯ ಒಲ್ಲದವರಾದರೆ ಹೊರಗಿನ ಹಿಟ್ಟಿಗೆ ಬಿಯರ್ ಹಾಕಿದೆಯೇ ಎಂದು ಕೇಳಬೇಕು. ಶೆಪರ್ಡ್ಸ್ ಪೈ (ಕೊಚ್ಚಿದ ಮಾಂಸದ ಮೇಲೆ ಹಿಸುಕಿದ ಆಲೂ ಹಾಕಿ ಬೇಯಿಸಿದ ತಿನಿಸು) ಇದ್ದರೆ ಮಾಂಸ ಯಾವುದು ಎಂದು ವಿಚಾರಿಸಿ. ಹೆಸರು ಕುರುಬನದ್ದಾದರೂ ಅಮೆರಿಕದಲ್ಲಿ ಅದಕ್ಕೆ ದನದ ಮಾಂಸ ಹಾಕುವುದು ಸಾಮಾನ್ಯ. ಚಹಾ ಅಂಗಡಿಯ ಬಣ್ಣಬಣ್ಣದ ಮಿಠಾಯಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಜೆಲ್ಲಿ ಬೇಬೀಸ್, ವೈನ್ ಗಮ್ಸ್ ಜಾತಿಯವುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುವುದೇ ಹೆಚ್ಚು. ಚಹಾ ಡಬ್ಬಿಯ ಮೇಲಿನ ಹೆಸರನ್ನೂ ಓದಿ: ಅಸ್ಸಾಂ, ಡಾರ್ಜಿಲಿಂಗ್ ಎಲೆಯನ್ನು ಫ್ಲೋರಿಡಾದಿಂದ ಬೆಂಗಳೂರಿಗೆ ಹೊತ್ತೊಯ್ಯುವ ಅಗತ್ಯ ಇದೆಯೇ ಎಂದು ಆಮೇಲೆ ನಿರ್ಧರಿಸಿ.

ರಾತ್ರಿ, ಮತ್ತೆ ಹೊರಬೀಳುವುದು

ಕೆರೆಯ ಮೇಲಿನ ಪಟಾಕಿ ಪ್ರದರ್ಶನ ಸಾಮಾನ್ಯವಾಗಿ ರಾತ್ರಿ 9ರ ಸುಮಾರಿಗೆ. ಪಬ್‌ನ ಕೆರೆದಂಡೆಯ ಮೇಜುಗಳಿಗೆ ಬಲು ಬೇಡಿಕೆ, ಆದರೆ ಬುಕಿಂಗ್ ಇದ್ದ ಮಾತ್ರಕ್ಕೆ ಹೊರಗಿನ ಮೇಜೇ ಸಿಗುತ್ತದೆಂದಲ್ಲ, ಕೇಳಬಹುದು ಅಷ್ಟೆ. ಕಟಕಟೆಯ ಬಳಿ ನಿಲ್ಲುವುದಾದರೆ 45 ನಿಮಿಷ ಮುಂಚೆ ಜಾಗ ಹಿಡಿಯಿರಿ, ನಿಂತ ಮೇಲೆ ಬಾವುಟ ಯಾವ ಕಡೆಗೆ ಹಾರುತ್ತಿದೆ ನೋಡಿ. ಗಾಳಿ ಕೆರೆಯಿಂದ ನಿಮ್ಮ ಕಡೆಗೆ ಬೀಸುತ್ತಿದ್ದರೆ ಮೊದಲ ಎರಡು ನಿಮಿಷದ ನಂತರ ಕಾಣುವುದು ಹೊಗೆ ಮಾತ್ರ. ಅಂಥ ದಿನ ಕೆರೆ ಸುತ್ತಿ ಆಚೆ ದಂಡೆಗೆ, ಮೆಕ್ಸಿಕೊ ಕಡೆಗೆ ಹೋಗುವುದು ವಾಸಿ.

ಮುಗಿದ ಕೂಡಲೇ ಗುಂಪು ಹತ್ತಿರದ ಹಿಂದಿನ ದ್ವಾರದತ್ತ ನುಗ್ಗುತ್ತದೆ. ನಿಮ್ಮ ಕಾರು ಎಪ್ಕಾಟ್ ಪಾರ್ಕಿಂಗ್‌ನಲ್ಲಿದ್ದರೆ ಅವರ ಹಿಂದೆ ಹೋಗಬೇಡಿ. ಅಲ್ಲಿಂದ ಹೊರಬಿದ್ದರೆ ಪಾರ್ಕ್‌ನ ಇನ್ನೊಂದು ತುದಿಯಲ್ಲಿರುತ್ತೀರಿ. ಕೆನಡಾ ದಾಟಿ ಮುಂದಿನ ದ್ವಾರಕ್ಕೇ ನಡೆಯಿರಿ. ಸ್ಕೈಲೈನರ್ ನೆಚ್ಚಿದವರು ಆಕಾಶ ನೋಡಿಕೊಳ್ಳಬೇಕು: ಮಿಂಚು ಹತ್ತಿರ ಬಂದರೆ ಅದನ್ನು ನಿಲ್ಲಿಸುತ್ತಾರೆ. ಆಗ ಹೋಟೆಲ್‌ಗೆ ಹೋಗುವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ದ್ವಾರದ ಸಿಬ್ಬಂದಿಯನ್ನು ಹೊರಗೆ ಕಾಲಿಡುವ ಮುಂಚೆಯೇ ಕೇಳಿ. ಆಚೆ ಹೋದ ಮೇಲೆ ತಿಳಿದರೆ ವಯಸ್ಸಾದವರನ್ನು ಇಡೀ ಪಾರ್ಕ್ ಉದ್ದಕ್ಕೂ ಮತ್ತೆ ನಡೆಸಬೇಕಾದೀತು.